ಎಲ್ ನಿನೊ ಯಾವ ಊರಾಂವ? ದೊಡ್ಡವ್ವ ಕೇಳಿದ ಪ್ರಶ್ನೆಗೆ ನನ್ನ ಉತ್ತರ



ಸ್ವಲ್ಪ ಉದ್ದ ಬರೆದಿದ್ದೇನೆ. ಪುರುಸೊತ್ತು ಮಾಡಿಕೊಂಡು ಓದಿ.

2023ರ ಆಗಸ್ಟ್ ಕೊನೆಯ ವಾರ. ಮುದಗಲ್ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಚಹಾದಂಗಡಿ. ದೊಡ್ಡವ್ವನ ಪಗಾರ ಎರಡು ತಿಂಗಳಿಂದ ಬಂದಿರಲಿಲ್ಲ. ಪಗಾರ ಅಂದರೆ ವೃದ್ಧಾಪ್ಯ ವೇತನ, ನಮ್ಮ ಕಡೆ ಹಾಗೇ ಅನ್ನುತ್ತಾರೆ. ಅದರ ಸಲುವಾಗಿ ಅಲೆದಾಡಿ ಸುಸ್ತಾಗಿ ಕುಂತಿದ್ದೆವು. ಮ್ಯಾಲೆ ಟಿವಿ ನಡೆದಿತ್ತು. ಸೂಟು ಹಾಕಿದಾಂವ ಒಬ್ಬ "ಎಲ್ ನಿನೊ ಪರಿಣಾಮದಿಂದ ಮಳೆ ಕೈಕೊಟ್ಟಿದೆ" ಅಂತ ಹೇಳುತ್ತಿದ್ದ. ದೊಡ್ಡವ್ವ ಬಸಿಯಲ್ಲಿ ಚಹಾ ಊದಿಕೊಳ್ಳುತ್ತಾ ಕೇಳಿದಳು:

"ಯಾರವ್ವಾ ಅಂವ ಎಲ್ ನಿನೊ? ಯಾವ ಊರಾಂವ? ನಮ್ಮ ಮಳಿ ಅಂವ ಯಾಕ ಹಿಡಕೊಂಡು ಕುಂತಾನ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಕೆ ನಗಲಿಲ್ಲ.

"ನಗೂದು ಬಿಟ್ಟು ಹೇಳು. ನೀ ಓದೀದಿ ಅಲ್ಲ?"

"ಅದು ಸಮುದ್ರದ್ದು, ದೊಡ್ಡವ್ವ. ಬಾಳ ದೂರ."

"ಸಮುದ್ರ ಎಲ್ಲೈತಿ, ನಾವೆಲ್ಲದೀವಿ. ನಮ್ಮ ಮ್ಯಾಲೆ ಯಾಕ ಸಿಟ್ಟು ಅದಕ್ಕ?"

ಉತ್ತರ ನನಗೆ ಗೊತ್ತಿರಲಿಲ್ಲ. ಎರಡು ಡಿಗ್ರಿ ಮಾಡಿದ್ದೇನೆ, ಸಂವಿಧಾನದ ಕಲಮುಗಳನ್ನು ಬಾಯಿಪಾಠ ಹೇಳುತ್ತೇನೆ, ಮೈಕು ಸಿಕ್ಕರೆ ಒಂದು ತಾಸು ಮಾತಾಡುತ್ತೇನೆ. ನಮ್ಮ ಕೇರಿಯ ಒಲೆ ಹೊತ್ತುವುದು ಬಿಡುವುದು ಯಾವುದರ ಮೇಲೆ ನಿಂತಿದೆಯೋ, ಆ ಮಳೆಯ ಬಗ್ಗೆ ಮಾತ್ರ ನನಗೆ ಏನೂ ಗೊತ್ತಿರಲಿಲ್ಲ. ಅವತ್ತಿನಿಂದ ಓದಲು ಶುರು ಮಾಡಿದೆ. ತಿಳಿದದ್ದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರು. ಎಲ್ ನಿನೊ ಅಂದರೆ ಸ್ಪ್ಯಾನಿಷ್ ಭಾಷೆಯಲ್ಲಿ "ಗಂಡು ಕೂಸು". ದಕ್ಷಿಣ ಅಮೆರಿಕದ ಪೆರು ದೇಶದ ಮೀನುಗಾರರು ಇಟ್ಟ ಹೆಸರು. ಕೆಲವು ವರ್ಷ ಕ್ರಿಸ್‌ಮಸ್ ಹೊತ್ತಿಗೆ ಅವರ ಸಮುದ್ರ ಬೆಚ್ಚಗಾಗಿ ಮೀನು ಮಾಯವಾಗುತ್ತಿದ್ದವು. ಬಾಲ ಏಸುವಿನ ಹಬ್ಬದ ಕಾಲಕ್ಕೆ ಬರುವುದರಿಂದ ಆ ಹೆಸರು. ನಮ್ಮ ಮುದಗಲ್ಲಿನಲ್ಲೂ ಹಳೇ ರೋಮನ್ ಕ್ಯಾಥೊಲಿಕ್ ಚರ್ಚಿದೆ, ಡಿಸೆಂಬರ್‌ನಲ್ಲಿ ಗೋದಲಿ ಕಟ್ಟಿ ಕೂಸನ್ನು ಮಲಗಿಸುತ್ತಾರೆ. ಹಾಗಾಗಿ ದೊಡ್ಡವ್ವನಿಗೆ ಹೆಸರು ತಿಳಿಸುವುದು ಕಷ್ಟವಾಗಲಿಲ್ಲ. ಆ ಕೂಸಿನ ಹೆಸರು ಬರಗಾಲಕ್ಕೆ ಯಾಕೆ ಬಂತು ಅನ್ನುವುದೇ ಕಷ್ಟವಾಯಿತು.

ಪೆಸಿಫಿಕ್ ಸಾಗರ ಭೂಮಿಯ ಮೇಲಿನ ಎಲ್ಲಕ್ಕಿಂತ ದೊಡ್ಡ ಸಾಗರ. ಅದರ ಒಂದು ದಂಡೆಗೆ ಪೆರು, ಇನ್ನೊಂದು ದಂಡೆಗೆ ಇಂಡೋನೇಷ್ಯಾ, ಆಸ್ಟ್ರೇಲಿಯಾ. ಸಾಮಾನ್ಯ ವರ್ಷಗಳಲ್ಲಿ ಅಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಬಿಸಿಲಿಗೆ ಕಾದ ಮೇಲಿನ ನೀರನ್ನು ಇಂಡೋನೇಷ್ಯಾ ಕಡೆ ದೂಡಿಕೊಂಡು ಹೋಗುತ್ತದೆ. ಕಾದ ನೀರಿನ ಮೇಲಿನ ಗಾಳಿ ಏರುತ್ತದೆ, ಮೋಡ ಕಟ್ಟುತ್ತದೆ, ಮಳೆ ಸುರಿಯುತ್ತದೆ. ಏರಿದ ಗಾಳಿ ಎಲ್ಲಾದರೂ ಇಳಿಯಲೇಬೇಕು. ಅದು ಇಳಿಯುವ ಕಡೆ ಮೋಡ ಕಟ್ಟುವುದಿಲ್ಲ. ಎರಡರಿಂದ ಏಳು ವರ್ಷಕ್ಕೊಮ್ಮೆ ಈ ಗಾಳಿ ಸೋಲುತ್ತದೆ. ದೂಡಿದ ಕಾದ ನೀರು ತಿರುಗಿ ಪೂರ್ವಕ್ಕೆ ಹರಿಯುತ್ತದೆ. ಅದರ ಹಿಂದೆಯೇ ಗಾಳಿ ಏರುವ ಜಾಗವೂ ಸರಿಯುತ್ತದೆ, ಇಳಿಯುವ ಜಾಗವೂ ಸರಿಯುತ್ತದೆ. ಇದೇ ಎಲ್ ನಿನೊ. ಇದಕ್ಕೆ ಉಲ್ಟಾ ಆದರೆ, ಅಂದರೆ ಗಾಳಿ ಇನ್ನೂ ಜೋರಾದರೆ, ಲಾ ನಿನಾ, ಹೆಣ್ಣು ಕೂಸು. ಎಲ್ ನಿನೊ ವರ್ಷದಲ್ಲಿ ಗಾಳಿ ಇಳಿಯುವ ಭಾಗ ನಮ್ಮ ಕಡೆ ಚಾಚುತ್ತದೆ. ನೆಲದಿಂದ ಏರಬೇಕಾದ ಹಸಿಗಾಳಿಯನ್ನು ಅದು ಮ್ಯಾಲಿಂದ ಒತ್ತಿ ಹಿಡಿಯುತ್ತದೆ.

ದೊಡ್ಡವ್ವನಿಗೆ ನಾನು ಹೇಳಿದ್ದು ಹೀಗೆ: "ಒಲಿ ಎಲ್ಲಿರ್ತೈತೋ ಹೊಗಿ ಅಲ್ಲೇ ಏರ್ತೈತಿ. ಒಲಿ ಆ ಮೂಲಿಗೆ ಸರಿಸಿದ್ರ ಹೊಗಿನೂ ಆ ಮೂಲಿಗೇ ಹೋಕ್ಕೈತಿ. ಆ ವರ್ಷ ಸಮುದ್ರದಾಗ ಒಲಿ ಸರೀತೈತಿ, ದೊಡ್ಡವ್ವ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಅಂದ್ರ ನಮ್ಮ ಪಾಪದಿಂದ ಅಲ್ಲ?"

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮಳೆ ಹೋದಾಗೆಲ್ಲ ಊರು ಯಾವುದೋ ಪಾಪವನ್ನು ಹುಡುಕುತ್ತದೆ. ಗುರ್ಜಿ ಆಡಿಸುತ್ತಾರೆ, ಕಪ್ಪೆಗೆ, ಕತ್ತೆಗೆ ಮದುವೆ ಮಾಡುತ್ತಾರೆ. ಆ ಮೆರವಣಿಗೆಗೆ ಹಲಗೆ ಬಾರಿಸಲು ಕರೆಯುವುದು ನಮ್ಮವರನ್ನೇ. ಬಿಸಿಲಲ್ಲಿ ಬಾರಿಸಿದ ಮೇಲೆ ಒಂದು ಮರ ಜೋಳ ಕೊಟ್ಟು ಕಳಿಸುತ್ತಾರೆ. ಎಪ್ಪತ್ತು ದಾಟಿದ ನಮ್ಮ ದೊಡ್ಡವ್ವ ಜನ್ಮವಿಡೀ ಬರಗಾಲವನ್ನು ತನ್ನ ಪಾಪದ ಲೆಕ್ಕಕ್ಕೆ ಬರೆದುಕೊಂಡು ಕುಂತಿದ್ದಳು. ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರತಿಯೊಬ್ಬರ ಕರ್ತವ್ಯ ಅಂತ ನಮ್ಮ ಸಂವಿಧಾನದ 51ಎ ಕಲಮು ಹೇಳುತ್ತದೆ. ಅದು ಎಷ್ಟು ದೊಡ್ಡ ಬಿಡುಗಡೆ ಅಂತ ಅವತ್ತು ಆಕೆಯ ಮುಖ ನೋಡಿ ತಿಳಿಯಿತು.

ಆದರೆ ಎಲ್ ನಿನೊ ಬಂತು ಅಂದರೆ ಬರ ಬಂದೇ ಬಂತು ಅಂತಲ್ಲ. ಟಿವಿಯವರು ಇದನ್ನು ಹೇಳುವುದಿಲ್ಲ. 1997ರಲ್ಲಿ ಶತಮಾನದ ದೊಡ್ಡ ಎಲ್ ನಿನೊಗಳಲ್ಲಿ ಒಂದು ಬಂದಿತ್ತು. ಆದರೂ ದೇಶದ ಮುಂಗಾರು ವಾಡಿಕೆಯಷ್ಟೇ ಆಯಿತು. 2002ರ ಎಲ್ ನಿನೊ ಅಷ್ಟು ದೊಡ್ಡದಲ್ಲ, ಆದರೆ ಮುಂಗಾರು ಶೇ. 19ರಷ್ಟು ಕಡಿಮೆಯಾಯಿತು. ಯಾಕೆ ಹೀಗೆ? ನಮ್ಮದೇ ಹಿಂದೂ ಮಹಾಸಾಗರಕ್ಕೂ ಒಂದು ಏರಿಳಿತ ಇದೆ. ಅದರ ಪಶ್ಚಿಮ ಭಾಗ, ಅಂದರೆ ಆಫ್ರಿಕಾ ಕಡೆ, ಹೆಚ್ಚು ಬೆಚ್ಚಗಾಗಿ ಸುಮಾತ್ರಾ ಕಡೆ ತಣ್ಣಗಿದ್ದರೆ ನಮ್ಮ ಮಳೆಗೆ ಅನುಕೂಲ. ಉಲ್ಟಾ ಆದರೆ ತೊಂದರೆ. 1999ರಲ್ಲಿ ವಿಜ್ಞಾನಿಗಳು ಇದನ್ನು ಗುರುತಿಸಿ "ಇಂಡಿಯನ್ ಓಷನ್ ಡೈಪೋಲ್" ಅಂತ ಹೆಸರಿಟ್ಟರು. 1997ರಲ್ಲಿ ಇದು ನಮ್ಮ ಪರವಾಗಿತ್ತು. ಇದರ ಮೇಲೆ ಮೂವತ್ತರಿಂದ ಅರವತ್ತು ದಿನಕ್ಕೊಮ್ಮೆ ಭೂಮಿಯ ನಡುಪಟ್ಟಿಯ ಸುತ್ತ ತಿರುಗುವ ಮೋಡದ ಅಲೆಯೊಂದಿದೆ, ಮ್ಯಾಡನ್-ಜೂಲಿಯನ್ ಆಂದೋಲನ ಅಂತ. ಅದು ನಮ್ಮ ಕಡೆ ಬಂದ ವಾರ ಮಳೆ, ದಾಟಿ ಹೋದ ವಾರ ಬಿಸಿಲು. ಈ ಮೂರೂ ಕೂಡಿ ನಮ್ಮ ಹೊಲದ ಹಣೆಬರಹ ಬರೆಯುತ್ತವೆ.

ಇನ್ನೊಂದು ಮಾತು. ಒಳ್ಳೆಯ ವರ್ಷದಲ್ಲೂ ನಮಗೆ ಬರುವುದು ಉಳಿಕೆ ಮಳೆ. ಅರಬ್ಬಿ ಸಮುದ್ರದಿಂದ ಬಂದ ಮೋಡ ಪಶ್ಚಿಮ ಘಟ್ಟ ಏರುವಾಗಲೇ ಮುಕ್ಕಾಲು ಖಾಲಿಯಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಸುರಿದರೆ ರಾಯಚೂರು ಸೀಮೆಗೆ 600ರ ಆಸುಪಾಸು. ಎಡಕ್ಕೆ ಕೃಷ್ಣಾ, ಬಲಕ್ಕೆ ತುಂಗಭದ್ರಾ, ನಡುವೆ ಒಣಭೂಮಿ. ಮುದಗಲ್ ಸುತ್ತ ತೊಗರಿ, ಸಜ್ಜೆ, ಸೂರ್ಯಕಾಂತಿ, ಹಿಂಗಾರಿಗೆ ಬಿಳಿಜೋಳ, ಕಡಲೆ. ಇರುವುದೇ 600 ಅಂದಮೇಲೆ ಅದರಲ್ಲಿ 100 ಹೋದರೂ ದೊಡ್ಡದೇ. ಸರಿಯಾದ ಹೊತ್ತಿನಲ್ಲಿ ಹೋದರಂತೂ ಎಲ್ಲಾ ಹೋದಂತೆಯೇ.

ಈಗ ನನ್ನ ಮನೆಯ ಲೆಕ್ಕ ಹೇಳುತ್ತೇನೆ.

2002. ನಾನು ಏಳನೇ ಇಯತ್ತೆ, ನನ್ನ ತಮ್ಮ ಐದನೇ ಇಯತ್ತೆ. ಆ ಜುಲೈನಲ್ಲಿ ಇಡೀ ದೇಶಕ್ಕೆ ವಾಡಿಕೆಯ ಸುಮಾರು ಅರ್ಧದಷ್ಟೇ ಮಳೆ ಬಿತ್ತು. ನಮಗೆ ಹೊಲ ಇರಲಿಲ್ಲ, ಹಾಗಾಗಿ ಬೆಳೆ ಒಣಗುವ ಪ್ರಶ್ನೆಯೂ ಇರಲಿಲ್ಲ. ನಮಗೆ ಒಣಗಿದ್ದು ಕೂಲಿ. ಕಳೆ ಇಲ್ಲದ ಹೊಲಕ್ಕೆ ಕಳೆ ತೆಗೆಯಲು ಯಾರನ್ನು ಕರೆಯುತ್ತಾರೆ? ಗೌಡರ ಮನೆಗೆ ಹಿಂದಿನ ವರ್ಷದ ಜೋಳ ಹಗೇವಿನಲ್ಲಿತ್ತು. ನಮ್ಮ ಮನೆಯ ಗಡಿಗೆಯಲ್ಲಿ ಎಂಟು ದಿನದ್ದೂ ಇರಲಿಲ್ಲ. ಅವ್ವ, ಅಪ್ಪ ಸಿಂಧನೂರು ಕಡೆಯ ಕ್ಯಾಂಪಿಗೆ ಭತ್ತದ ನಾಟಿಗೆ ಹೊಂಟರು. ಎಕರೆಗೆ ಇಷ್ಟು ಅಂತ ಗುತ್ತಿಗೆ. ಕೈ ಜಾಸ್ತಿ ಇದ್ದರೆ ಎಕರೆ ಬೇಗ ಮುಗಿಯುತ್ತದೆ ಅಂತ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಮೊಣಕಾಲುದ್ದ ಕೆಸರಲ್ಲಿ ಬಗ್ಗಿ ಬಗ್ಗಿ ನಾನು ಸಸಿ ಹಚ್ಚಿದೆ. ತಮ್ಮ ಸಸಿಯ ಕಟ್ಟು ಹೊತ್ತು ಹಾಕುತ್ತಿದ್ದ. ಮೂರು ತಿಂಗಳ ಮೇಲೆ ಬಂದಾಗ ಒಬ್ಬ ಮಾಸ್ತರರು ನನ್ನನ್ನು ಹಿಡಿದು ಮತ್ತೆ ಶಾಲೆಯಲ್ಲಿ ಕೂರಿಸಿದರು. ತಮ್ಮ ಹೋಗಲಿಲ್ಲ. ಕೈಗೆ ದುಡ್ಡಿನ ರುಚಿ ಹತ್ತಿತ್ತು ಅಂದರು ಊರವರು. ರುಚಿಯಲ್ಲ, ನಾಚಿಕೆ. ಮೂರು ತಿಂಗಳ ಪಾಠ ಮುಂದೆ ಹೋಗಿತ್ತು, ಬರೆಯಲು ಬರದೆ ಹಿಂದೆ ಕೂರಲು ಅವನು ಒಪ್ಪಲಿಲ್ಲ. ಇವತ್ತು ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ.

ಅವನ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ "ದೀರ್ಘ ಗೈರುಹಾಜರಿ" ಅಂತ ಬರೆದಿದ್ದನ್ನು ನಾನು ನೋಡಿದ್ದೇನೆ. ಕಾರಣ ಅಂತ ಏನೂ ಬರೆದಿರಲಿಲ್ಲ. ಕೇಳಿದರೆ "ತಂದೆ-ತಾಯಿಯ ನಿರ್ಲಕ್ಷ್ಯ" ಅನ್ನುತ್ತಿದ್ದರು. ಪೆಸಿಫಿಕ್ ಸಾಗರದಲ್ಲಿ ನೀರು ಬೆಚ್ಚಗಾಗಿತ್ತು ಅಂತಲೂ, ನಮ್ಮಪ್ಪನಿಗೆ ಒಂದು ಗುಂಟೆ ಭೂಮಿ ಇರಲಿಲ್ಲ ಅಂತಲೂ ಅಲ್ಲಿ ಬರೆಯಬೇಕಿತ್ತು. ಎರಡನ್ನೂ ಬರೆಯಬೇಕು. ಮೊದಲನೆಯದನ್ನು ಮಾತ್ರ ಬರೆದರೆ ಅದು ಪ್ರಕೃತಿ ವಿಕೋಪವಾಗಿ ಬಿಡುತ್ತದೆ, ಯಾರ ತಪ್ಪೂ ಇಲ್ಲದಂತಾಗುತ್ತದೆ.

2009. ಮತ್ತೆ ಎಲ್ ನಿನೊ. ದೇಶದ ಮುಂಗಾರು ಶೇ. 22ರಷ್ಟು ಕಡಿಮೆ. ನಾನು ಆಗ ಡಿಗ್ರಿ ಓದುತ್ತಿದ್ದೆ. ಕೇರಿಯವರ ಪರವಾಗಿ "ಬರಗಾಲ ಇದೆ, ಕೆಲಸ ಕೊಡಿ" ಅಂತ ನನ್ನ ಕೈಯಾರೆ ಮನವಿ ಬರೆದೆ. ಅದರ ಶಾಯಿ ಆರುವ ಮೊದಲು, ಸೆಪ್ಟೆಂಬರ್ ಕೊನೆಗೆ ಹಸ್ತಾ ಮಳಿ ಶುರುವಾಯಿತು. ನಾಲ್ಕೈದು ದಿನ ಹಗಲು ರಾತ್ರಿ. ಅಕ್ಟೋಬರ್ 2ರ ಹೊತ್ತಿಗೆ ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿತ್ತು, ಆಚೆ ಕರ್ನೂಲು ಮುಳುಗಿತ್ತು. ರಾಯಚೂರು, ಕೊಪ್ಪಳ, ಬಾಗಲಕೋಟೆ, ವಿಜಾಪುರ, ಗದಗ, ಬಳ್ಳಾರಿ ಎಲ್ಲಾ ಕಡೆ ಮನೆಗಳು ಕುಸಿದವು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಎಲ್ ನಿನೊ ವರ್ಷದಲ್ಲಿ ಮುಂಗಾರು ಸೊರಗಿದರೂ ಹಿಂಗಾರು ದಕ್ಷಿಣದ ಕಡೆ ಜೋರಾಗುವುದುಂಟು ಅಂತ ನಾನು ಓದಿದ್ದು ಎಷ್ಟೋ ವರ್ಷದ ಮೇಲೆ.

ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಕೇರಿ ಇರುವುದು ತಗ್ಗಿನಲ್ಲಿ. ಊರಿನ ಬಚ್ಚಲ ನೀರು ಹರಿದು ಬರುವ ಕಡೆ, ಹಳ್ಳದ ದಂಡೆಗೆ. ನೆಲ ಹಂಚುವಾಗ ಮ್ಯಾಲಿನದು ಮ್ಯಾಲಿನವರಿಗೆ ಹೋಯಿತು. ನಮ್ಮದು ಮಣ್ಣಿನ ಮಾಳಿಗೆ ಮನೆ. ಮೂರನೇ ರಾತ್ರಿ ಹಿತ್ತಲ ಗೋಡೆ ಕೂತುಬಿಟ್ಟಿತು. ಆಯಿ ಆ ಗೋಡೆಗೆ ಹೊಂದಿಕೊಂಡೇ ಮಲಗುತ್ತಿದ್ದಳು. ಅವತ್ತು ಸೋರುತ್ತದೆ ಅಂತ ಅವ್ವ ಹಾಸಿಗೆ ಈಚೆ ಎಳೆದಿದ್ದಳು, ಹಾಗಾಗಿ ಆಯಿ ಉಳಿದಳು. ಸರ್ವೆಗೆ ಬಂದವರು ಕೆಸರಿಗೆ ಇಳಿಯಲಿಲ್ಲ. ರಸ್ತೆ ಮೇಲೆ ನಿಂತೇ "ಭಾಗಶಃ ಹಾನಿ" ಅಂತ ಬರೆದುಕೊಂಡು ಹೋದರು. ಮೂರು ಗೋಡೆ ಇನ್ನೂ ನಿಂತಿದ್ದವಲ್ಲ, ಅದಕ್ಕೆ. ಬರಕ್ಕೆ ಬರೆದ ಮನವಿಗೆ ಬಂದ ಉತ್ತರ ಏನು ಗೊತ್ತೇ? "ಈಗ ಮಳೆಯಾಗಿದೆ, ಮನವಿ ಅಪ್ರಸ್ತುತ."

ಇದು ನಮ್ಮ ತಲೆಮಾರಿಗೆ ಶುರುವಾದದ್ದಲ್ಲ. 1876ರಿಂದ 78ರ ಬರವನ್ನು ನಮ್ಮ ಹಿರಿಯರು "ಧಾತು ಬರ" ಅನ್ನುತ್ತಿದ್ದರು, ಧಾತು ಸಂವತ್ಸರದಲ್ಲಿ ಬಂದದ್ದರಿಂದ. ಅದು ದಾಖಲೆಯಲ್ಲಿರುವ ಅತಿ ಪ್ರಬಲ ಎಲ್ ನಿನೊಗಳಲ್ಲಿ ಒಂದು ಅಂತ ಈಗ ವಿಜ್ಞಾನಿಗಳು ಹೇಳುತ್ತಾರೆ. ಆಗ ನಮ್ಮ ಮುದಗಲ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೊಳೆಯಾಚೆಯ ಬಳ್ಳಾರಿ ಬ್ರಿಟಿಷರ ಕೈಯಲ್ಲಿತ್ತು. ಮೈಸೂರು ಸಂಸ್ಥಾನ ಒಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರು. ಅಂಥ ಹೊತ್ತಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆಗೆ ಇಳಿಸಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋ ಕೂಡ ಅಲ್ಲ. ಅಷ್ಟು ತಿಂದು ಇಡೀ ದಿನ ಕಲ್ಲು ಒಡೆಯಬೇಕು. ಆಗಲೂ ದೇಶದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ.

ಅದೇ ಬರದಲ್ಲಿ, 1877ರ ಏಪ್ರಿಲ್‌ನಲ್ಲಿ, ನಮ್ಮ ತಾಯಿ ಸಾವಿತ್ರಿಬಾಯಿ ಫುಲೆ ಪುಣೆ ಜಿಲ್ಲೆಯ ಜುನ್ನರ್ ಸೀಮೆಯ ಓತೂರಿನಿಂದ ಜೋತಿಬಾಗೆ ಕಾಗದ ಬರೆದರು. ಬರದ ಜೊತೆಗೆ ಸಾಹುಕಾರರ ಸುಲಿಗೆಯ ಬಗ್ಗೆಯೂ ಅದರಲ್ಲಿ ಬರೆದಿದ್ದಾರೆ. ಸತ್ಯಶೋಧಕ ಸಮಾಜದವರು ಆಗ ಹಸಿದವರಿಗಾಗಿ ಊಟದ ಕೇಂದ್ರಗಳನ್ನು ನಡೆಸಿದರು. ಅಕ್ಷರ ಕಲಿಸಿದ ತಾಯಿ ಅಂತ ಅವರ ಫೋಟೊಗೆ ಮಾಲೆ ಹಾಕುವ ನಾವು, ಬರದಲ್ಲಿ ಊರೂರು ಸುತ್ತಿದ ಸಾವಿತ್ರಿಬಾಯಿಯನ್ನೂ ನೆನೆಯಬೇಕು.

ಬ್ರಿಟಿಷರು ಹವಾಮಾನ ಇಲಾಖೆ ಶುರು ಮಾಡಿದ್ದು 1875ರಲ್ಲಿ. ಮುಂಗಾರಿನ ಮುನ್ಸೂಚನೆ 1880ರ ದಶಕದಲ್ಲೇ ಶುರುವಾಯಿತು. 1904ರಲ್ಲಿ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ ಇಲಾಖೆಯ ಮುಖ್ಯಸ್ಥನಾಗಿ ಬಂದ. ಮುಂಗಾರು ಯಾಕೆ ಕೈಕೊಡುತ್ತದೆ ಅಂತ ಲೋಕದ ಮೂಲೆಮೂಲೆಯ ಅಂಕಿ ತರಿಸಿ ಲೆಕ್ಕ ಹಾಕುತ್ತಾ ಹೋದ. ಪೆಸಿಫಿಕ್‌ನ ಒಂದು ತುದಿಯಲ್ಲಿ ಗಾಳಿಯ ಒತ್ತಡ ಏರಿದರೆ ಇನ್ನೊಂದು ತುದಿಯಲ್ಲಿ ಇಳಿಯುತ್ತದೆ ಅನ್ನುವುದನ್ನು ಕಂಡುಹಿಡಿದ. ಇವತ್ತು ಎಲ್ ನಿನೊ ಬಗ್ಗೆ ಲೋಕಕ್ಕೆ ಗೊತ್ತಿರುವುದರ ಬುನಾದಿ ನಮ್ಮ ನೆಲದ ಬರಗಳು. ನಮ್ಮವರ ಹಸಿವಿನಿಂದ ಹುಟ್ಟಿದ ವಿದ್ಯೆ ಇದು. ಅದು ನಮ್ಮ ಕೇರಿಗೆ ಯಾಕೆ ಇನ್ನೂ ಬಂದಿಲ್ಲ ಅನ್ನುವುದೇ ನನ್ನ ಪ್ರಶ್ನೆ.

ಈಗ 2023ಕ್ಕೆ ಬರುತ್ತೇನೆ. ತಾರೀಖುಗಳನ್ನು ಸ್ವಲ್ಪ ಗಮನವಿಟ್ಟು ನೋಡಿ.

ಏಪ್ರಿಲ್ 11: ಎಲ್ ನಿನೊ ಬರುವ ಸಂಭವ ಇದೆ ಅಂತ ಹವಾಮಾನ ಇಲಾಖೆಯೇ ಹೇಳಿತು. ಜೂನ್‌ನಲ್ಲಿ ಎಲ್ ನಿನೊ ಶುರುವಾಗಿದೆ ಅಂತ ಅಮೆರಿಕದ ಹವಾಮಾನ ಸಂಸ್ಥೆ ಸಾರಿತು. ನಮ್ಮಲ್ಲಿ ಮಿರಗಾ ಮಳಿ ಸೊರಗಿತು. ಜುಲೈನಲ್ಲಿ ಮಾತ್ರ ಚಲೋ ಮಳೆ. ಜುಲೈ 29ಕ್ಕೆ ಮೊಹರಂ. ದುಡಿಯಲು ಹೋದವರೆಲ್ಲ ಎಲ್ಲಿದ್ದರೂ ಮುದಗಲ್ ಮೊಹರಂಗೆ ಬರುತ್ತಾರೆ, ನಿಮಗೆ ಗೊತ್ತಲ್ಲ. ತಮ್ಮನೂ ಬಂದಿದ್ದ. ಹೊಲಗಳು ಹಸಿರಾಗಿದ್ದವು. "ಈ ವರ್ಷ ಇಲ್ಲೇ ಇರ್ತೀನಿ ಅಕ್ಕ, ಕೂಲಿ ಸಿಗ್ತೈತಿ" ಅಂದ. ನನಗೂ ಏನೂ ಗೊತ್ತಿರಲಿಲ್ಲ, ಖುಷಿಪಟ್ಟೆ. ಆಮೇಲೆ ಆಗಸ್ಟ್. 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು, ವಾಡಿಕೆಗಿಂತ ಶೇ. 36 ಕಡಿಮೆ. "ಮಘಿ ಮಳಿ ಬಂದಷ್ಟು ಚಲೋ, ಮನಿ ಮಗ ಉಂಡಷ್ಟು ಚಲೋ" ಅಂತಾರೆ ನಮ್ಮ ಕಡೆ. ಆ ಮಘಿ ಮಳಿಯೇ ಬರಲಿಲ್ಲ. ಪೆರು ದೇಶದ ಕೂಸು ಬಂತು, ನಮ್ಮ ಮನೆ ಮಗ ಮತ್ತೆ ಬಸ್ಸು ಹತ್ತಿದ.

ಸೆಪ್ಟೆಂಬರ್ ಮಧ್ಯಕ್ಕೆ ಸರ್ಕಾರ 195 ತಾಲೂಕುಗಳನ್ನು ಬರಪೀಡಿತ ಅಂತ ಸಾರಿತು. ಆಮೇಲೆ ಅದು ಏರಿ ಏರಿ 223 ಆಯಿತು, ಆಗ ರಾಜ್ಯದಲ್ಲಿದ್ದದ್ದೇ 236. 2024ರ ಜನವರಿಯಲ್ಲಿ ರೈತರ ಖಾತೆಗೆ ಮೊದಲ ಕಂತು ಅಂತ ರಾಜ್ಯದಿಂದ 2,000 ರೂಪಾಯಿವರೆಗೆ. ಕೇಂದ್ರಕ್ಕೆ 18,171 ಕೋಟಿ ಕೇಳಿದ್ದ ರಾಜ್ಯ, ಹಣ ಬರದಿದ್ದಾಗ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಬಿಡುಗಡೆಯಾದದ್ದು 3,454 ಕೋಟಿ. ಅಂದರೆ ಮುನ್ಸೂಚನೆ ಬಂದು ಒಂದು ವರ್ಷ ಕಳೆದಿತ್ತು.

ಈ ಹಣ ಯಾರಿಗೆ ಹೋಯಿತು? ಖುಷ್ಕಿ ಹೊಲಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಎರಡು ಹೆಕ್ಟೇರ್‌ವರೆಗೆ. ಇದು ಆಗಿನ ಕೇಂದ್ರದ ನಿಯಮ. ಸಣ್ಣ ರೈತನಿಗೆ ಅದೂ ಸಾಲದು ಅನ್ನುವುದು ನನಗೆ ಗೊತ್ತು, ಅವನ ಜೊತೆ ನನ್ನ ಜಗಳ ಇಲ್ಲ. ಆದರೆ ಪರಿಹಾರ ಪಹಣಿ ನೋಡಿ ಬರುತ್ತದೆ. ಪಹಣಿ ಇಲ್ಲದವರ ಹೆಸರು ಬರದ ಯಾವ ಕಾಗದದಲ್ಲೂ ಇಲ್ಲ. ಹೊಲ ಲಾವಣಿಗೆ ಹಾಕಿಕೊಂಡು ಬೀಜ, ಗೊಬ್ಬರಕ್ಕೆ ಸಾಲ ಮಾಡಿದವನು ನಮ್ಮ ಕೇರಿಯವನಾದರೆ, ಬೆಳೆ ಹೋದದ್ದು ಅವನದು, ಪರಿಹಾರ ಬಂದದ್ದು ಪಹಣಿಯಲ್ಲಿ ಹೆಸರಿದ್ದವನಿಗೆ.

ಉದ್ಯೋಗ ಖಾತ್ರಿ ಇತ್ತಲ್ಲ ಅನ್ನಬಹುದು. ಬರ ಬಿದ್ದ ಕಡೆ 100 ದಿನವನ್ನು 150 ಮಾಡಿ ಅಂತ ರಾಜ್ಯ ಕೇಂದ್ರವನ್ನು ಕೇಳುತ್ತಲೇ ಇತ್ತು. ಆದರೆ ಮುದಗಲ್ ಪುರಸಭೆ. ಆ ಕೆಲಸ ಗ್ರಾಮ ಪಂಚಾಯಿತಿಗೆ ಮಾತ್ರ ಇತ್ತು. ನಮ್ಮ ಕೇರಿಯವರು ದುಡಿಯುವುದು ಸುತ್ತಲಿನ ಹಳ್ಳಿಗಳ ಹೊಲದಲ್ಲಿ, ಮನೆ ಇರುವುದು ಪಟ್ಟಣದ ಹದ್ದಿನಲ್ಲಿ. ಜಾಬ್ ಕಾರ್ಡೇ ಇರಲಿಲ್ಲ. ಮಳೆಗೆ ನಾವು ಹಳ್ಳಿಯವರು, ಸರ್ಕಾರಕ್ಕೆ ಪಟ್ಟಣದವರು.

ಮೊದಲೆಲ್ಲ ಇಲ್ಲಿ ಮಳೆ ಹೋದರೂ ಸಿಂಧನೂರಿನ ಕಾಲುವೆ ಕೈ ಹಿಡಿಯುತ್ತಿತ್ತು. ಆ ಸಲ ಅದೂ ಇಲ್ಲ. ತುಂಗಭದ್ರಾ ಅಣೆಕಟ್ಟು ತುಂಬುವುದು ಮಲೆನಾಡಿನ ಮಳೆಯಿಂದ, ಅಲ್ಲೂ ಅದೇ ಮುಂಗಾರು. ಅಣೆಕಟ್ಟು ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಒಣಭೂಮಿಯ ಕೂಲಿಯೂ ಹೋಯಿತು, ನೀರಾವರಿಯ ಕೂಲಿಯೂ ಹೋಯಿತು. ಇದ್ದದ್ದು ಬೆಂಗಳೂರಿನ ಬಸ್ಸು ಒಂದೇ.

ಅಕ್ಟೋಬರ್‌ನಲ್ಲಿ ತಮ್ಮನ ಹೆಂಡತಿ ಮನೆಗೆ ಬಂದಳು. "ಅಕ್ಕಾ, ನಾನೂ ಹೊಂಟೀನಿ. ದೊಡ್ಡ ಹುಡುಗೀನ ಕರಕೊಂಡು ಹೋಕ್ಕೀನಿ. ನಾ ಕೆಲಸಕ್ಕ ಹೋದ್ರ ಸಣ್ಣದನ್ನ ನೋಡಾಕ ಯಾರೂ ಇಲ್ಲ" ಅಂದಳು. ಹುಡುಗಿ ಬಾಗಿಲಲ್ಲಿ ನಿಂತಿದ್ದಳು, ಶಾಲೆಯ ಚೀಲ ಇನ್ನೂ ಹೆಗಲ ಮೇಲಿತ್ತು. ಐದನೇ ಇಯತ್ತೆ. ಅವಳಪ್ಪ ಶಾಲೆ ಬಿಟ್ಟದ್ದೂ ಅದೇ ಇಯತ್ತೆಯಲ್ಲಿ.

ಅವ್ವ ಒಲೆ ಮುಂದಿನಿಂದ ಎದ್ದು ಬಂದು ಒಂದೇ ಮಾತು ಅಂದಳು: "ಹುಡುಗೀನ ಬಿಟ್ಟು ಹೋಗು. ಒಮ್ಮೆ ನಾ ಮಾಡಿದ ತಪ್ಪು ಸಾಕು."

ಇಪ್ಪತ್ತೊಂದು ವರ್ಷ ಅವ್ವ ಅದನ್ನು ತನ್ನ ತಪ್ಪು ಅಂದುಕೊಂಡಿದ್ದಳು. ದೊಡ್ಡವ್ವನಿಗೆ ಪಾಪ, ಅವ್ವನಿಗೆ ತಪ್ಪು. ಸಮುದ್ರ, ಸರ್ಕಾರ, ಭೂಮಿಯ ಹಂಚಿಕೆ ಎಲ್ಲಾ ಸೇರಿ ಮಾಡಿದ್ದನ್ನು ನಮ್ಮ ಮನೆಯ ಹೆಂಗಸರು ತಮ್ಮ ತಲೆ ಮೇಲೆ ಹೊತ್ತುಕೊಂಡಿದ್ದರು.

ಹುಡುಗಿ ನಮ್ಮ ಮನೆಯಲ್ಲೇ ಉಳಿದಳು, ಪಾಸಾದಳು. ಅವಳ ಜೊತೆ ಓದುತ್ತಿದ್ದ ನಮ್ಮ ಓಣಿಯ ಇಬ್ಬರು ಹುಡುಗಿಯರು ತಂದೆ-ತಾಯಿಯ ಜೊತೆ ಹೋದರು. ಒಬ್ಬಳು ತಿರುಗಿ ಶಾಲೆಗೆ ಬರಲಿಲ್ಲ. ಮನೆಗೊಬ್ಬ ಡಿಗ್ರಿ ಓದಿದ ಅತ್ತೆ ಇರಬೇಕು ಅನ್ನುವುದು ಪರಿಹಾರ ಅಲ್ಲ ಗೆಳೆಯರೇ. ಅದಕ್ಕೇ ಈ ಬೇಡಿಕೆಗಳು:

1. ಎಲ್ ನಿನೊ ಸುಳಿವು ಬಂದ ವರ್ಷ ಬರ ಘೋಷಣೆಗೆ ಕಾಯಬಾರದು. ಮೇ-ಜೂನ್‌ನಲ್ಲೇ ಕಾಮಗಾರಿಯ ಪಟ್ಟಿ ತಯಾರಿರಬೇಕು. ಮಳೆ ಮೂರು ವಾರ ನಿಂತರೆ ನಾಲ್ಕನೇ ವಾರ ಕೆಲಸ ಶುರುವಾಗಬೇಕು. ಯೋಜನೆಯ ಹೆಸರು ಏನೇ ಇರಲಿ, ಪಟ್ಟಣದ ಹದ್ದಿನಲ್ಲಿರುವ ಕೃಷಿಕೂಲಿಗಳಿಗೂ ಅದು ಸಿಗಬೇಕು.

2. ಬರ ಮತ್ತು ನೆರೆ ಪರಿಹಾರದಲ್ಲಿ ಭೂಮಿ ಇಲ್ಲದ ಕೂಲಿ ಕುಟುಂಬಕ್ಕೆ, ಲಾವಣಿದಾರರಿಗೆ ಪಾಲು ಇರಬೇಕು. ಭೂಮಿಯ ಪ್ರಶ್ನೆ ಹಾಗೇ ಇರುತ್ತದೆ, ಅದನ್ನು ನಾವು ಬಿಟ್ಟಿಲ್ಲ.

3. ಗುಳೆ ಹೋಗುವವರ ಮಕ್ಕಳ ಋತುಮಾನ ವಸತಿ ಶಾಲೆಗಳನ್ನು ದಸರೆಯ ಮೊದಲೇ ತೆರೆಯಬೇಕು. ಬಸ್ಸು ಹೋದ ಮೇಲೆ ಬಾಗಿಲು ತೆರೆದು ಏನುಪಯೋಗ?

4. ಮುನ್ಸೂಚನೆ ಕೇರಿಗೆ ಬರಬೇಕು. ದೇಶದಲ್ಲೇ ಮೊದಲು ಬರ ನಿಗಾ ಕೇಂದ್ರ ಮಾಡಿದ ರಾಜ್ಯ ನಮ್ಮದು, 1988ರಲ್ಲಿ. ಪಂಚಾಯಿತಿ ಪಂಚಾಯಿತಿಗೂ ಮಳೆ ಅಳೆಯುವ ಯಂತ್ರ ಇದೆ. ಆ ಅಂಕಿ ಬೀಜದಂಗಡಿಯವನಿಗೆ ಗೊತ್ತು, ದಲಾಲಿಗೆ ಗೊತ್ತು, ಬಡ್ಡಿ ಸಾಹುಕಾರನಿಗೆ ಗೊತ್ತು. ಮಳೆ ಹೋಗುವ ಸುಳಿವು ಸಿಕ್ಕರೆ ಅವನು ಬಡ್ಡಿ ಏರಿಸುತ್ತಾನೆ. ಕೂಲಿಯವನಿಗೆ ಮಾತ್ರ ತಿಳಿಯುವುದು ಗಡಿಗೆ ಖಾಲಿಯಾದ ದಿನ.

ಬಾಬಾಸಾಹೇಬರನ್ನು ನಾವು ಮಹಾಡದ ಕೆರೆಯ ಜೊತೆ ನೆನೆಯುತ್ತೇವೆ, 1927ರ ಮಾರ್ಚ್ 20. ಅವರು 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲ್‌ನಲ್ಲಿದ್ದಾಗ ನೀರಾವರಿಯ ಹೊಣೆಯನ್ನೂ ಹೊತ್ತಿದ್ದರು. ದಾಮೋದರ, ಮಹಾನದಿ ಯೋಜನೆಗಳಿಗೆ ದಾರಿ ಮಾಡಿದವರಲ್ಲಿ ಅವರೊಬ್ಬರು. ಕೆರೆಯ ನೀರು ಮುಟ್ಟುವ ಹಕ್ಕಿಗೂ, ದೇಶದ ನೀರಿನ ಲೆಕ್ಕಕ್ಕೂ ಒಬ್ಬರೇ ಹೋರಾಡಿದರು. ನಾವು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಇಂಜಿನಿಯರುಗಳಿಗೆ ಬಿಟ್ಟುಬಿಟ್ಟೆವು. ಮಳೆ, ಗಾಳಿ, ಸಮುದ್ರ ನಮ್ಮ ವಿಷಯ ಅಲ್ಲ ಅಂದುಕೊಂಡೆವು. ಇದು ನನ್ನ ಮೇಲೂ ನಾನೇ ಹಾಕಿಕೊಳ್ಳುವ ಆರೋಪ.

ಊರಿನ ಡಂಗುರ ಸಾರಿದವರು ನಮ್ಮ ಅಜ್ಜಂದಿರು. ಯಾರ ಮನೆಯ ಸಾವು, ಯಾವ ದೇವರ ಜಾತ್ರೆ, ಕಂದಾಯ ಕಟ್ಟುವ ಕಡೇ ದಿನ, ಎಲ್ಲವನ್ನೂ ಹಲಗೆ ಬಾರಿಸಿ ಊರಿಗೆ ಮುಟ್ಟಿಸಿದರು. ಅವರಿಗೆ ಬೇಕಾದ ಸುದ್ದಿಯನ್ನು ಅವರಿಗೆ ಯಾರೂ ಸಾರಲಿಲ್ಲ. ಹಾಗಾಗಿ ಈಗ ನಮ್ಮ ಓಣಿಯ ಹುಡುಗರು ಒಂದು ಕೆಲಸ ಮಾಡಿದ್ದಾರೆ. ಅಂಬೇಡ್ಕರ್ ಭವನದ ಗೋಡೆಗೆ ಕರಿಹಲಗೆ ಹಾಕಿದ್ದಾರೆ. ಮುಂದಿನ ವಾರ ಮಳೆ ಹೇಗೆ, ಸಮುದ್ರ ಹೇಗಿದೆ ಅಂತ ಪ್ರತಿ ವಾರ ಬರೆಯುತ್ತಾರೆ. ಬರೆಯುವುದು ತಮ್ಮನ ಮಗಳು, ಅವಳ ಅಕ್ಷರ ಚೆನ್ನಾಗಿವೆ.

ದೊಡ್ಡವ್ವನಿಗೆ ಓದಲು ಬರುವುದಿಲ್ಲ. ಆದರೂ ಸಂಜೆ ಹೋಗಿ ಅದರ ಮುಂದೆ ಕೂರುತ್ತಾಳೆ. ಹೋದ ಸಲ ಹುಡುಗಿಯನ್ನು ಕೇಳಿದಳಂತೆ:

"ಏನಂತಾನವ್ವಾ ನಿಮ್ಮ ಎಲ್ ನಿನೊ? ಬರ್ತಾನೋ ಇಲ್ಲೋ?"

"ಅಂವ ಬಂದ್ರೂ ನಾ ಸಾಲಿ ಬಿಡಂಗಿಲ್ಲ ಆಯಿ" ಅಂದಳಂತೆ ಹುಡುಗಿ.

ನಿಮ್ಮ ಊರಿನ ಕೇರಿಯಲ್ಲೂ ಒಂದು ಹಲಗೆ ಹಾಕಿ ಗೆಳೆಯರೇ. ಹೆಚ್ಚು ಖರ್ಚಿಲ್ಲ, ಒಂದು ಸುಣ್ಣದ ಕಡ್ಡಿ ಸಾಕು. ನಿಮ್ಮ ಮನೆಯ ಬರದ ವರ್ಷಗಳ ಲೆಕ್ಕವನ್ನು ಇಲ್ಲಿ ಕೆಳಗೆ ಬರೆಯಿರಿ. ಯಾರು ಶಾಲೆ ಬಿಟ್ಟರು, ಯಾರು ಊರು ಬಿಟ್ಟರು, ಯಾವ ಗೋಡೆ ಬಿತ್ತು. ಹಾಜರಿ ಪುಸ್ತಕದಲ್ಲಿ ಬರೆಯದೆ ಬಿಟ್ಟ ಕಾರಣವನ್ನು ನಾವೇ ತುಂಬೋಣ.

ಜೈಭೀಮ್.